ಹಳೇ ಜೀಪಿನ ಗೇರು, ಜಿಪ್ಸಿಯ ಕ್ಲಚ್: ಎರಡನ್ನೂ ಒಂದೇ ತೋಟದಲ್ಲಿ ಓಡಿಸಿ ನೋಡಿದ್ದು

ಸಕಲೇಶಪುರದ ಕಡೆ ನಮ್ಮ ತೋಟದಲ್ಲಿ ಎರಡು ಗಾಡಿ ಇವೆ. ಒಂದು ದೊಡ್ಡಪ್ಪನ ಕಾಲದ 1968ರ ಮಹೀಂದ್ರ ಸಿಜೆ 3ಬಿ ಜೀಪು. ಪೆಟ್ರೋಲ್, ಮೂರೇ ಗೇರು. ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಂಡ 2005ರ ಮಾರುತಿ ಜಿಪ್ಸಿ ಕಿಂಗ್, ಐದು ಗೇರು. ನಾಲ್ಕು ವರ್ಷದಿಂದ ಎರಡನ್ನೂ ಓಡಿಸ್ತಾ ಇದ್ದೇನೆ, ಅದೇ ಕೆಸರು, ಅದೇ ಏರು, ಅದೇ ಮೂಟೆಗಳ ಜೊತೆ. ಹಳೇ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯೋ ಗಾಡಿ) ತಗೋಬೇಕು ಅನ್ನೋರು ಎಂಜಿನ್ ಹೇಗಿದೆ, ಟೈರ್ ಯಾವುದು ಹಾಕೋಣ ಅಂತ ಕೇಳ್ತಾರೆ. ಆದರೆ ಮೊದಲ ಒಂದೆರಡು ತಿಂಗಳು ಕೈಕಾಲು ಜಗಳ ಆಡೋದು ಗೇರು ಮತ್ತು ಕ್ಲಚ್ ಜೊತೆ. ಅದನ್ನೇ ಬರೀತೀನಿ.

ಜೀಪಿನ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಕ್ಲಚ್ ಒತ್ತಿ, ಎಲ್ಲ ಗಾಡಿಯಲ್ಲೂ ಮಾಡೋ ಹಾಗೆ ಗೇರನ್ನು ಎಡಕ್ಕೆ ಸರಿಸಿ ಮುಂದಕ್ಕೆ ತಳ್ಳಿದೆ. ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಹೋಯಿತು! ಹಿಂದೆ ಕಣದಲ್ಲಿ ಕಾಫಿ ಹರಡಿತ್ತು, ತೋಟದ ಲೆಕ್ಕ ನೋಡೋ ರೈಟರ್ ಕೂಗಿದ್ದಕ್ಕೆ ಬ್ರೇಕ್ ಒತ್ತಿದೆ. ಈ ಮೂರು ಗೇರಿನ ಜೀಪಲ್ಲಿ ಎಡಗಡೆ ಮುಂದೆ ಇರೋದು ರಿವರ್ಸ್. ಅದರ ಕೆಳಗೆ, ಅಂದರೆ ಹಿಂದಕ್ಕೆ ಎಳೆದರೆ, ಒಂದನೇ ಗೇರು. ಬಲಗಡೆ ಮುಂದೆ ಎರಡು, ಹಿಂದೆ ಮೂರು. ಜಿಪ್ಸಿಯಲ್ಲಿ ಈ ತೊಂದರೆ ಇಲ್ಲ. ಒಂದನೇದು ಇರಬೇಕಾದ ಜಾಗದಲ್ಲೇ ಇದೆ, ರಿವರ್ಸ್ ಐದನೇ ಗೇರಿನ ಕೆಳಗೆ. ಕಾರು ಓಡಿಸಿ ಗೊತ್ತಿದ್ದವರು ಹತ್ತಿದ ತಕ್ಷಣ ಹೊರಡಬಹುದು. ನನಗೆ ಇವತ್ತಿಗೂ ವಾರವಿಡೀ ಜಿಪ್ಸಿ ಓಡಿಸಿ ಜೀಪು ಹತ್ತಿದರೆ ಕೈ ಎಡಕ್ಕೆ, ಮುಂದಕ್ಕೇ ಹೋಗುತ್ತೆ. ಅದಕ್ಕೇ ಜೀಪಲ್ಲಿ ಕ್ಲಚ್ ಬಿಡೋ ಮೊದಲು ಒಂದ್ಸಲ ಗೇರಿನ ಕಡೆ ಕಣ್ಣು ಹಾಯಿಸೋದು ರೂಢಿ ಮಾಡಿಕೊಂಡಿದ್ದೇನೆ.

ಜೀಪಿನ ನಿಜವಾದ ಪಾಠ ಇರೋದು ಒಂದನೇ ಗೇರಿನಲ್ಲಿ. ಅದಕ್ಕೆ ಸಿಂಕ್ರೊ ಇಲ್ಲ. ಸಿಂಕ್ರೊ ಅಂದರೆ ಗೇರು ಕೂರುವ ಮೊದಲು ಎರಡು ಕಡೆಯ ವೇಗವನ್ನೂ ಉಜ್ಜಿ ಸಮ ಮಾಡುವ ಹಿತ್ತಾಳೆಯ ಬಳೆ. ಎರಡು, ಮೂರಕ್ಕೆ ಅದು ಇದೆ, ಒಂದಕ್ಕೆ ಇಲ್ಲ. ಹಾಗಾಗಿ ನಿಂತಿರುವಾಗಲೂ ಕ್ಲಚ್ ಒತ್ತಿದ ಕೂಡಲೇ ಒಂದಕ್ಕೆ ಎಳೆದರೆ ಕರ್ರ್ ಅನ್ನುತ್ತೆ, ಯಾಕಂದರೆ ಒಳಗಿನ ಚಕ್ರ ಇನ್ನೂ ತಿರುಗ್ತಾ ಇರುತ್ತೆ. ಎರಡು ಸೆಕೆಂಡ್ ಕಾಯಬೇಕು. ಅಥವಾ ಮೊದಲು ಗೇರನ್ನು ಎರಡರ ಕಡೆ ಸ್ವಲ್ಪ ಒತ್ತಿ, ಆಮೇಲೆ ಒಂದಕ್ಕೆ ಎಳೆಯಬೇಕು. ಎರಡರ ಸಿಂಕ್ರೊ ಒಳಗಿನ ಚಕ್ರವನ್ನು ನಿಲ್ಲಿಸಿಬಿಡುತ್ತೆ, ಒಂದನೇದು ಸದ್ದಿಲ್ಲದೆ ಬೀಳುತ್ತೆ.

ಓಡ್ತಾ ಇರುವಾಗ ಒಂದಕ್ಕೆ ಬರೋದು ಇನ್ನೂ ಕಷ್ಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮನೆ ಹಿಂದೆ ಒಂದು ಏರಿದೆ. ಎಂಟು ಮೂಟೆ ಹಾಕಿಕೊಂಡು ಎರಡನೇ ಗೇರಲ್ಲಿ ಹತ್ತಿದರೆ ತಿರುವಿನಲ್ಲಿ ಎಂಜಿನ್ ಸೋಲುತ್ತೆ. ಅಲ್ಲಿ ನಿಲ್ಲಿಸಿದರೆ ಮಳೆಗಾಲದಲ್ಲಿ ಮತ್ತೆ ಹೊರಡೋಕೆ ಆಗಲ್ಲ, ಜಾರಿ ಕೆಳಗೇ ಬರುತ್ತೆ. ದೊಡ್ಡಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದು ಡಬಲ್ ಕ್ಲಚ್. "ಕ್ಲಚ್ ಒತ್ತು, ನ್ಯೂಟ್ರಲ್ಲಿಗೆ ತಾ, ಕ್ಲಚ್ ಬಿಡು, ಒಂದ್ಸಲ ಜೋರಾಗಿ ರೈಸ್ ಮಾಡು, ಮತ್ತೆ ಒತ್ತು, ಈಗ ಎಳಿ ಮಗಾ" ಅಂತ ಒಂದೊಂದೇ ಹೆಜ್ಜೆ. ಕೇಳಿದರೆ ಉದ್ದ ಅನ್ಸುತ್ತೆ, ಆದರೆ ಇದೆಲ್ಲ ಒಂದೂವರೆ ಸೆಕೆಂಡಲ್ಲಿ ಮುಗಿಯಬೇಕು. ನ್ಯೂಟ್ರಲ್ಲಲ್ಲಿ ಕ್ಲಚ್ ಬಿಟ್ಟು ರೈಸ್ ಮಾಡಿದಾಗ ಒಳಗಿನ ಚಕ್ರದ ವೇಗ ಏರುತ್ತೆ. ಸಿಂಕ್ರೊ ಮಾಡಬೇಕಾದ ಕೆಲಸವನ್ನು ನಮ್ಮ ಕಾಲು ಮಾಡುತ್ತೆ, ಅಷ್ಟೇ. ರೈಸ್ ಕಮ್ಮಿ ಆದರೆ ಗೇರು ಕೈಯಲ್ಲೇ ಒದೆಯುತ್ತೆ. ಸರಿಯಾಗಿದ್ದರೆ ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಕೂರುತ್ತೆ. ನನಗೆ ಕೈ ಹತ್ತೋಕೆ ಒಂದು ಪೂರ್ತಿ ಮಳೆಗಾಲ ಹಿಡಿಯಿತು. ಮೀಟರ್ ನೋಡಿ ಬರಲ್ಲ, ಎಂಜಿನ್ ಸದ್ದು ಕೇಳಿಯೇ ಬರಬೇಕು.

ಅದೇ ಏರಲ್ಲಿ ಜಿಪ್ಸಿಗೆ ಗೇರಿನ ಚಿಂತೆ ಇಲ್ಲ. ಮುಂದಕ್ಕೆ ಹೋಗುವ ಐದಕ್ಕೂ ಸಿಂಕ್ರೊ ಇದೆ. ಅಲ್ಲಿ ಕಾಡೋದು ಕ್ಲಚ್. ಕಾರಣ ಎಂಜಿನ್ನಲ್ಲಿದೆ. ಜೀಪಿನ 2199 ಸಿಸಿ ಎಂಜಿನ್ ತನ್ನ ಪೂರ್ತಿ ಎಳೆತವನ್ನು 2000 ಆರ್‌ಪಿಎಂ ಹತ್ತಿರವೇ ಕೊಡುತ್ತೆ. ಜಿಪ್ಸಿ ಕಿಂಗ್‌ನ 1298 ಸಿಸಿ ಎಂಜಿನ್ನಿಗೆ ಅದು ಸಿಗೋದು 4500ರಲ್ಲಿ. ಜೀಪಲ್ಲಿ ಸಮತಟ್ಟಾದ ಜಾಗದಲ್ಲಿ ಎಕ್ಸಲೇಟರ್ ಮುಟ್ಟದೆ ಸುಮ್ನೆ ಕ್ಲಚ್ ಬಿಟ್ಟರೂ ಗಾಡಿ ಹೊರಡುತ್ತೆ. ಜಿಪ್ಸಿಯಲ್ಲಿ ಮೂಟೆ ಹಾಕಿಕೊಂಡು ಏರಲ್ಲಿ ಹಾಗೆ ಮಾಡಿದರೆ ಆಫ್ ಆಗುತ್ತೆ. ಅದಕ್ಕೆ ಎಲ್ಲರೂ ರೈಸ್ ಮಾಡಿ ಹಾಫ್ ಕ್ಲಚ್ಚಲ್ಲಿ ಎಳೆಸ್ತಾರೆ, ಐದು ನಿಮಿಷದಲ್ಲಿ ಸುಟ್ಟ ವಾಸನೆ. ನಾನೂ ಮೊದಲ ವರ್ಷ ಹೀಗೇ ಮಾಡಿ ಒಂದು ಕ್ಲಚ್ ಪ್ಲೇಟ್ ಕಳೆದೆ. ಪರಿಹಾರ ತುಂಬಾ ಸುಲಭ: ಏರಿನ ಬುಡದಲ್ಲೇ ನಿಲ್ಲಿಸಿ, ನಾಲ್ಕೂ ಚಕ್ರ ನಿಧಾನವಾಗಿ ಜೋರಾಗಿ ಎಳೆಯೋ ಲೋ, ಅಂದರೆ 4ಎಲ್‌ಗೆ ಹಾಕಿ. "ಇಷ್ಟಕ್ಕೆಲ್ಲ ಲೋ ಬೇಕಾ" ಅನ್ನೋ ಮಾತು ಕೇಳಬೇಡಿ, ಲೋ ಇರೋದೇ ಕ್ಲಚ್ ಉಳಿಸೋಕೆ.

ಲೋ ಹಾಕೋದರಲ್ಲಿ ಜಿಪ್ಸಿಗೇ ನನ್ನ ಓಟು. ಒಂದೇ ಸಣ್ಣ ಲಿವರ್. ಜೀಪಲ್ಲಿ ಗೇರ್ ಬಿಟ್ಟು ಇನ್ನೂ ಎರಡು ಲಿವರ್ ಇವೆ. ಮೊದಲು ಮುಂದಿನ ಚಕ್ರದ್ದು ಹಾಕಬೇಕು, ಆಮೇಲೆ ಲೋ. ಈ ಕ್ರಮ ತಪ್ಪಿಸೋಕೆ ಹೋಗಬಾರದು, ಎಲ್ಲ ಭಾರವೂ ಹಿಂದಿನ ಆಕ್ಸಲ್ ಮೇಲೆ ಬೀಳುತ್ತೆ. ಆದರೆ ಒಮ್ಮೆ ಬಿದ್ದ ಮೇಲೆ ಜೀಪಿನ ಲೋ ಎಳೆತವನ್ನು ಎರಡೂವರೆ ಪಟ್ಟು ಹತ್ತಿರ ಮಾಡುತ್ತೆ, ನಡೆಯೋರ ಜೊತೆ ನಡೆದ ಹಾಗೆ ಹೋಗುತ್ತೆ.

ಕ್ಲಚ್ ಪೆಡಲ್ ವಿಷಯಕ್ಕೆ ಬಂದರೆ, ಜೀಪಿಂದು ಭಾರ, ದಿನವಿಡೀ ಓಡಿಸಿದರೆ ಎಡ ಮಂಡಿ ನೋಯುತ್ತೆ. ಜೊತೆಗೆ ನಮ್ಮ ಜೀಪು ಕ್ಲಚ್ ಬಿಡುವಾಗ ಗಡಗಡ ನಡುಗ್ತಾ ಇತ್ತು. ಪ್ಲೇಟ್ ಹೋಗಿದೆ ಅಂತ ಒಬ್ಬ ಮೆಕ್ಯಾನಿಕ್ ಬದಲಾಯಿಸಿದರು, ನಡುಕ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಜಿನ್ ಕೂತಿರುವ ರಬ್ಬರು. ಈ ಜೀಪಲ್ಲಿ ಕ್ಲಚ್ಚಿನ ಲಿಂಕ್ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಎಂಜಿನ್ ಕಡೆಗೆ ಇದೆ. ರಬ್ಬರು ಸವೆದು ಎಂಜಿನ್ ಅಲುಗಿದರೆ ಲಿಂಕನ್ನೂ ಎಳೆದು ಬಿಡುತ್ತೆ. ನಾವು ಕಾಲನ್ನು ಅಲುಗಿಸದೇ ಇದ್ದರೂ ಕ್ಲಚ್ ಹಿಡಿದು ಬಿಟ್ಟು ಮಾಡುತ್ತೆ. ಎರಡು ರಬ್ಬರು ಹಾಕಿದ ಮೇಲೆ ನಡುಕ ನಿಂತಿತು. ಪ್ಲೇಟಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಬೇಜಾರಾಗುತ್ತೆ.

ಜಿಪ್ಸಿಯದು ಕೇಬಲ್. ಹಗುರ, ನಡುಕವೂ ಕಮ್ಮಿ. ಆದರೆ ಕೇಬಲ್ ಒಣಗಿದ ಹಾಗೆ ಪೆಡಲ್ ಬಿಗಿಯಾಗ್ತಾ ಹೋಗುತ್ತೆ, ಆಮೇಲೆ ಒಂದು ದಿನ ಹೇಳದೆ ತುಂಡಾಗುತ್ತೆ. ನನಗೆ ಅದು ಆಗಿದ್ದು ಬಿಸಿಲೆ ಘಾಟ್‌ನಲ್ಲಿ, ಸಂಜೆ ಹೊತ್ತು. ಗಾಡಿ ಆಫ್ ಮಾಡಿ, 4ಎಲ್‌ನಲ್ಲಿ ಒಂದನೇ ಗೇರಿಗೆ ಹಾಕಿ, ಹಾಗೇ ಸೆಲ್ಫ್ ಹೊಡೆದೆ. ಎರಡು ಸಲ ಕುಪ್ಪಳಿಸಿ ಹೊರಟಿತು. ಊರಿನ ತನಕ ನಿಲ್ಲಿಸದೆ ಬಂದೆ. ಆಗಿನಿಂದ ಸೀಟಿನ ಕೆಳಗೆ ಒಂದು ಹೊಸ ಕೇಬಲ್ ಸುತ್ತಿ ಇಟ್ಟಿದ್ದೇನೆ.

ಜೀಪಿಗೂ ಅದೇ ಘಾಟಿನಲ್ಲಿ ಒಂದು ರೋಗ ಇತ್ತು. ಎರಡನೇ ಗೇರಲ್ಲಿ ಇಳಿಯುವಾಗ ಎಕ್ಸಲೇಟರ್ ಬಿಟ್ಟರೆ ಗೇರು ತಾನೇ ಆಚೆ ಬೀಳ್ತಾ ಇತ್ತು. ಇಷ್ಟು ವರ್ಷ ದುಡಿದ ಗೇರಿನ ಹಲ್ಲು ಸವೆದಿರುತ್ತೆ, ಅಲ್ವಾ. ದೊಡ್ಡಪ್ಪ ಸೈಕಲ್ ಟ್ಯೂಬಿನ ಒಂದು ಪಟ್ಟಿ ಇಟ್ಟಿದ್ದರು, ಇಳಿಜಾರು ಬಂದಾಗ ಅದರ ಕೊಕ್ಕೆಯನ್ನು ಗೇರಿಗೆ ಸಿಕ್ಕಿಸೋರು. ನಾನು ಅದನ್ನು ಬಿಚ್ಚಿ ಹಾಕಿದೆ. ಇಳಿಜಾರಲ್ಲಿ ಗೇರು ತಪ್ಪಿದರೆ ಉಳಿಯೋದು ಹಳೇ ಡ್ರಮ್ ಬ್ರೇಕ್ ಮಾತ್ರ, ರಬ್ಬರ್ ಪಟ್ಟಿಯನ್ನು ನಂಬೋ ಜಾಗ ಅಲ್ಲ ಅದು. ಗೇರ್ ಬಾಕ್ಸ್ ಬಿಚ್ಚಿಸೋ ತನಕ ಘಾಟಿಗೆ ಜೀಪು ತರಲಿಲ್ಲ.

ಗೇರ್ ಆಯಿಲ್ ಬಗ್ಗೆ ಒಂದು ಮಾತು. ಜಿಪ್ಸಿಯ ಎರಡನೇ ಗೇರು ಚಳಿಗಾಲದ ಬೆಳಿಗ್ಗೆ ಕಲ್ಲಿನ ಹಾಗೆ ಆಗುತ್ತಿತ್ತು, ಮೊದಲ ಎರಡು ಕಿಲೋಮೀಟರ್ ಒಂದರಿಂದ ನೇರ ಮೂರಕ್ಕೆ ಹಾಕ್ತಿದ್ದೆ. ನೋಡಿದರೆ ಯಾರೋ ಗೇರ್ ಬಾಕ್ಸಿಗೆ ಜಿಎಲ್-5 ದರ್ಜೆಯ ಆಯಿಲ್ ಹಾಕಿದ್ದರು. ಅದು ಆಕ್ಸಲ್ಲಿಗೆ ಸರಿ. ಸಿಂಕ್ರೊ ಬಳೆಗೆ ಹಿಡಿತ ಬೇಕು, ಜಾರುವಿಕೆ ಅಲ್ಲ, ಮತ್ತೆ ಆ ಆಯಿಲಿನ ಗಂಧಕ ಹಿತ್ತಾಳೆಗೆ ಒಳ್ಳೆಯದಲ್ಲ. ಜಿಎಲ್-4 ಹಾಕಿದ ಮೇಲೆ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧ ಸವಕಳಿ, ಅದಕ್ಕೆ ಅಲ್ಲೂ ಡಬಲ್ ಕ್ಲಚ್ಚೇ ಮದ್ದು. ಜೀಪಿನ ಪಾಠ ಇಲ್ಲಿ ಕೆಲಸಕ್ಕೆ ಬಂತು.

ಇನ್ನು ಹಳ್ಳ ದಾಟುವಾಗ ಎರಡರಲ್ಲೂ ಒಂದೇ ನಿಯಮ: ನೀರಿನ ಮಧ್ಯೆ ಕ್ಲಚ್ ಒತ್ತಬೇಡಿ. ಒತ್ತಿದರೆ ಪ್ಲೇಟಿನ ನಡುವೆ ನೀರು, ಮಣ್ಣು ಹೋಗುತ್ತೆ, ಆಚೆ ದಡದಲ್ಲಿ ಕ್ಲಚ್ ಜಾರುತ್ತೆ.

ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಓಡಿಸ್ತೀರಿ, ಪೇಟೆಗೂ ಹೋಗಬೇಕು ಅಂದರೆ ಜಿಪ್ಸಿ ತಗೊಳ್ಳಿ, ಅನುಮಾನ ಬೇಡ. ತೋಟದೊಳಗೇ ನಿಧಾನ ಓಡಾಟ, ಕಲಿಯೋಕೆ ತಾಳ್ಮೆ ಇದೆ ಅಂದರೆ ಜೀಪು. ನನಗೆ ಒಂದನ್ನೇ ಇಟ್ಟುಕೋ ಅಂದರೆ ಜೀಪನ್ನೇ ಇಟ್ಟುಕೊಳ್ತೀನಿ, ಆ ಏರಲ್ಲಿ ಒಂದನೇ ಗೇರು ಸದ್ದಿಲ್ಲದೆ ಬಿದ್ದಾಗ ಆಗೋ ಖುಷಿ ಜಿಪ್ಸಿಯಲ್ಲಿ ನನಗೆ ಸಿಕ್ಕಿಲ್ಲ.

ತಗೊಳ್ಳೋಕೆ ಹೋದಾಗ ಜೀಪನ್ನು ಎರಡನೇ ಗೇರಲ್ಲಿ ಇಳಿಜಾರಿಗೆ ಬಿಟ್ಟು, ಕಾಲು ತೆಗೆದು ನೋಡಿ, ಗೇರು ನಿಲ್ಲುತ್ತಾ ಅಂತ. ಜಿಪ್ಸಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ. ಬಿಸಿಯಾದ ಮೇಲೆ ಎಲ್ಲ ಗೇರೂ ನಯವಾಗಿ ಬೀಳುತ್ತೆ, ಮಾರುವವರಿಗೂ ಅದು ಗೊತ್ತಿರುತ್ತೆ. ಸೆಲ್ಫ್ ಹೊಡೆಯೋ ಮೊದಲು ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯಾ ಅಂತ ನೋಡಿ.