ಅರ್ಜಿಯಲ್ಲಿ ನನ್ನ ಮಗಳೇ ಇರಲಿಲ್ಲ: ವೀಸಾ ಏಜೆಂಟರಿಗೆ ಹಣ ಕೊಡುವ ಮುನ್ನ ಓದಿ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಉತ್ತರಪತ್ರಿಕೆ ಕೊಡುವ ಮುನ್ನ ಇನ್ನೊಮ್ಮೆ ಓದಿ ನೋಡಿರೆಂದು 31 ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಹೇಳುತ್ತ ಬಂದ ನಾನು, ನನ್ನ ಹೆಸರಿನಲ್ಲಿ ಅಮೆರಿಕ ಸರ್ಕಾರಕ್ಕೆ ಸಲ್ಲಿಕೆಯಾದ ಅರ್ಜಿಯನ್ನು ಒಮ್ಮೆಯೂ ಓದಲಿಲ್ಲ.

ಮಗಳು ಮತ್ತು ಅಳಿಯ ಟೆಕ್ಸಾಸ್‌ನಲ್ಲಿದ್ದಾರೆ. ಅವಳ ಹೆರಿಗೆಯ ಹೊತ್ತಿಗೆ ನಾವಿಬ್ಬರೂ ಹೋಗಿ ಬರಬೇಕೆಂದಿತ್ತು. ಸಂದರ್ಶನದ ದಿನಾಂಕಗಳು ತಿಂಗಳುಗಟ್ಟಲೆ ಮುಂದಕ್ಕಿದ್ದವು. ಹತ್ತಿರದ ದಿನಾಂಕ ಹಿಡಿದುಕೊಡುತ್ತಾರೆಂದು ಯಾರೋ ಹೇಳಿದ ಮಾತು ಕೇಳಿ ಬೆಳಗಾವಿಯಲ್ಲಿ ಒಬ್ಬ ಏಜೆಂಟರ ಮೆಟ್ಟಿಲು ಹತ್ತಿದೆವು. ಅವರು ಕೇಳಿದ್ದು ಇಬ್ಬರಿಗೂ ಸೇರಿ 68 ಸಾವಿರ ರೂಪಾಯಿ. ನಾವು ಅರ್ಜಿ ಹಾಕಿದಾಗ ಸರ್ಕಾರಿ ಶುಲ್ಕ ಒಬ್ಬರಿಗೆ 185 ಡಾಲರ್, ಅಂದರೆ ಇಬ್ಬರಿಗೆ ಸುಮಾರು 32 ಸಾವಿರ. ಮಿಕ್ಕಿದ್ದು 'ಸ್ಲಾಟ್ ಚಾರ್ಜ್' ಮತ್ತು 'ಫೈಲ್ ಚಾರ್ಜ್'. ಶುಲ್ಕ ಕಟ್ಟಿದವರಿಗೆ ದಿನಾಂಕ ಕಾದಿರಿಸಲು ಬೇರೆ ಹಣವೇ ಇಲ್ಲವೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

"ಚಿಂತೀ ಮಾಡಬ್ಯಾಡ್ರಿ ಸರ, ಫಾರ್ಮ್ ನಮ್ಮ ಹುಡುಗ ತುಂಬತಾನ" ಎಂದರು. ಡಿಎಸ್-160 ಎಂಬ ಆ ಅರ್ಜಿ ಕಂಪ್ಯೂಟರಿನಲ್ಲೇ ತುಂಬುವಂಥದ್ದು, ಹತ್ತಾರು ಪುಟಗಳುಳ್ಳದ್ದು. ನಮ್ಮ ಕೈಗೆ ಬಂದದ್ದು ಮಾತ್ರ ಫೋಟೋ ಮತ್ತು ಬಾರ್‌ಕೋಡ್ ಇರುವ ಕೊನೆಯ ದೃಢೀಕರಣ ಪುಟ. ಅದರಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಮುಂತಾದವಿರುತ್ತವೆಯೇ ಹೊರತು ಒಳಗಿನ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಇರುವುದಿಲ್ಲ. ನಾನು ಹೆಸರಿನ ಕಾಗುಣಿತ ನೋಡಿ, ಸರಿಯಿದೆ ಎಂದು ತಲೆಯಾಡಿಸಿದೆ.

ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋದೆವು. ಮೊದಲ ದಿನ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟೆವು. ಮರುದಿನ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕಾನ್ಸುಲೇಟ್‌ನಲ್ಲಿ ಸಂದರ್ಶನ. ನನ್ನ ಕೈಯಲ್ಲಿ ದಪ್ಪನೆಯ ಫೈಲ್ ಇತ್ತು: ಹೊಲದ ಉತಾರ (ಪಹಣಿ), ಪಿಂಚಣಿ ಆದೇಶ, ಬ್ಯಾಂಕ್ ಪಾಸ್‌ಬುಕ್, ಏಜೆಂಟರ ಒತ್ತಾಯಕ್ಕೆ 8 ಸಾವಿರ ತೆತ್ತು ಮಾಡಿಸಿದ ಮನೆಯ ಮೌಲ್ಯ ಪ್ರಮಾಣಪತ್ರ. ಅಧಿಕಾರಿ ಅದರ ದಾರವನ್ನೂ ಬಿಚ್ಚಿಸಲಿಲ್ಲ.

ಗಾಜಿನ ಆಚೆ ಕುಳಿತಿದ್ದ ಯುವತಿ ಹಿಂದಿಯಲ್ಲಿ, ಅಮೆರಿಕದಲ್ಲಿ ಯಾರಿದ್ದಾರೆಂದು ಕೇಳಿದರು. ನನ್ನ ಮನೆಯವರು ಮುಖವರಳಿಸಿ "ಮಗಳು" ಎಂದರು. ಆಕೆಯ ಟೈಪಿಂಗ್ ನಿಂತಿತು. "ಮಕ್ಕಳಾರೂ ಅಲ್ಲಿಲ್ಲವೆಂದು ನೀವೇ ಬರೆದಿದ್ದೀರಲ್ಲ?" ಎಂದರು. ನೀವೇ ಬರೆದಿದ್ದೀರಿ! ನನಗೆ ಗಂಟಲು ಒಣಗಿತು. ಆಮೇಲೆ ನನ್ನ ಕಡೆ ತಿರುಗಿ, ವ್ಯಾಪಾರ ಯಾವುದೆಂದು ಕೇಳಿದರು. ಜೀವಮಾನದಲ್ಲಿ ಒಂದು ಬೆಂಕಿಪೊಟ್ಟಣ ಮಾರದ ನಾನು ಅರ್ಜಿಯಲ್ಲಿ ಕಿರಾಣಿ ವ್ಯಾಪಾರಿಯಾಗಿದ್ದೆ. ನಿವೃತ್ತ ಶಿಕ್ಷಕ, ಏಜೆಂಟರು ತುಂಬಿದ್ದು ಎಂದು ನಾನು ತೊದಲುತ್ತಿದ್ದಂತೆ ಪಾಸ್‌ಪೋರ್ಟ್‌ಗಳ ಜೊತೆಗೆ 214(ಬಿ) ಎಂಬ ಕಲಮಿನಡಿ ವೀಸಾ ನಿರಾಕರಿಸಲಾಗಿದೆ ಎಂದು ಮುದ್ರಿಸಿದ ಹಾಳೆ ಕಿಂಡಿಯಿಂದ ಹೊರಗೆ ಬಂತು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ನನ್ನ ಮನೆಯವರು ಕೇಳಿದ್ದು ಒಂದೇ ಮಾತು, "ನಾ ಏನರ ತಪ್ಪು ಮಾತಾಡಿದ್ನೇನ್ರಿ?"

ಊರಿಗೆ ಮರಳಿ ಬಸ್ಸಿಳಿದವನೇ ಏಜೆಂಟರ ಕಚೇರಿಗೆ ಹೋದೆ. ಅವರು ಚಹಾ ತರಿಸಿದರು. "ಮಗಳ ಅಲ್ಲಿ ಅದಾಳಂತ ಹಾಕಿದ್ರ ನೀವು ತಿರುಗಿ ಬರೂದಿಲ್ಲಂತ ತಿಳೀತಾರ ಸರ, ನಿಮ್ಮ ಒಳ್ಳೇದಕ್ಕ ಹಂಗ ಹಾಕಿದ್ದು" ಎಂದರು. ಹಾಗಾದರೆ ನನಗೇಕೆ ತಿಳಿಸಲಿಲ್ಲವೆಂದು ಕೇಳಿದೆ. "ತಿಳಿಸಿದ್ರ ನೀವು ಮಾಸ್ತರು, ಒಪ್ಪತಿರಲಿಲ್ಲ." ಈ ಮಾತನ್ನು ಅವರು ನಗುತ್ತ ಹೇಳಿದರು. ನಾನು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ನನ್ನ ಹೆಸರಿನಲ್ಲಿ ಸುಳ್ಳು ಬರೆದ ಮನುಷ್ಯ ನನ್ನ ಎದುರಿಗೇ ಕುಳಿತು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು. ಹಣ ಕೇಳಿದ್ದಕ್ಕೆ, ಸರ್ಕಾರಿ ಶುಲ್ಕ ಯಾರಿಗೂ ಮರಳಿ ಸಿಗುವುದಿಲ್ಲ ಎಂದರು, ಅದು ನಿಜ. ಉಳಿದ ಹಣದ ರಸೀದಿಯನ್ನಾದರೂ ಕೊಡಿ ಎಂದರೆ, "ಬಿಲ್ ಬೇಕಂದ್ರ ಜಿಎಸ್‌ಟಿ 18 ಪರ್ಸೆಂಟ್ ಬ್ಯಾರೆ ಆಗತೈತಿ" ಎಂದರು. ಮುಂದಿನ ಸಲ ಚಾರ್ಜಿನಲ್ಲಿ ರಿಯಾಯಿತಿ ಮಾಡುತ್ತಾರಂತೆ!

ಅರ್ಜಿ ತೆರೆದು ನೋಡಲು ಭದ್ರತಾ ಪ್ರಶ್ನೆಯ ಉತ್ತರ ಬೇಕು. ಅದು ಅವರಿಗೆ ಮಾತ್ರ ಗೊತ್ತಿತ್ತು. ಇ-ಮೇಲ್ ಕೂಡ ಅವರದೇ. ನಾಲ್ಕು ದಿನ ಬೆನ್ನು ಹತ್ತಿ ನಾನು ಅದನ್ನು ಪಡೆದ ಮೇಲೆ, ಮಗಳು ಅಲ್ಲಿಂದಲೇ ತೆರೆದು ಓದಿ ಹೇಳಿದಳು. ಅರ್ಜಿ ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಅದಕ್ಕೂ 'ಇಲ್ಲ' ಎಂದೇ ಬರೆದಿದ್ದರು. ಎಲ್ಲವೂ ಸತ್ಯವೆಂದು ಘೋಷಿಸುವ ಗುಂಡಿಯನ್ನು ಅರ್ಜಿದಾರನೇ ಒತ್ತಬೇಕು, ನನ್ನ ಪರವಾಗಿ ಆ ಹುಡುಗ ಒತ್ತಿದ್ದಾನೆ. ಬೇಕೆಂದೇ ಸುಳ್ಳು ಹೇಳಿದ್ದಾರೆಂದು ಅಧಿಕಾರಿ ತೀರ್ಮಾನಿಸಿದರೆ ಆ ದೇಶದ ಕಾನೂನಿನಲ್ಲಿ ಜೀವನಪರ್ಯಂತ ಪ್ರವೇಶ ನಿಷೇಧಿಸಲು ಅವಕಾಶವಿದೆಯೆಂದು ಮಗಳು ಹೇಳಿದಾಗ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಇನ್ನು ಯಾವಾಗ ಅರ್ಜಿ ಹಾಕಿದರೂ, ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂಬಲ್ಲಿ 'ಹೌದು' ಎಂದೇ ಬರೆಯಬೇಕು.

ಏಜೆಂಟರ ಬಳಿ ಹೋಗಲೇಬೇಕಾದರೆ ಹೋಗಿರಿ. ಆದರೆ ಇ-ಮೇಲ್ ನಿಮ್ಮದಿರಲಿ, ಭದ್ರತಾ ಉತ್ತರ ನಿಮಗೆ ಗೊತ್ತಿರಲಿ, ಸಲ್ಲಿಸುವ ಮುನ್ನ ಪ್ರತಿ ಪುಟವನ್ನೂ ಮುದ್ರಿಸಿ ಕೊಡಲು ಹೇಳಿ ಓದಿರಿ. ಇಂಗ್ಲಿಷ್ ಬಾರದಿದ್ದರೆ ಓದಿದ ಮಕ್ಕಳಿಂದ ಓದಿಸಿಕೊಳ್ಳಿರಿ. "ಅದನ್ನೆಲ್ಲ ನೀವ್ಯಾಕ ನೋಡ್ತೀರಿ ಸರ" ಎಂದರೆ ಪಾಸ್‌ಪೋರ್ಟ್ ಕಸಿದುಕೊಂಡು ಮೆಟ್ಟಿಲಿಳಿಯಿರಿ. ನನಗೂ ಮೊದಲ ದಿನವೇ ಇದೇ ಮಾತನ್ನು ಹೇಳಿದ್ದರು, ಎಷ್ಟು ಕಾಳಜಿಯ ಮನುಷ್ಯನೆಂದು ನಾನು ಮನೆಗೆ ಬಂದು ಹೊಗಳಿದ್ದೆ.