ಹಿಂದಿನ ಕೋಣೆಗೆ ವೈಫೈ ಬರೋದಿಲ್ಲ ಅಂತ ಎಕ್ಸ್‌ಟೆಂಡರ್ ತರೋ ಮುಂಚೆ

ಧಾರವಾಡದ ಮಾಳಮಡ್ಡಿಯ ಒಂದು ಹಳೇ ಮನೆ. ಪಡಸಾಲೆಯಲ್ಲಿ ಫೈಬರ್ ಮೋಡೆಮ್, 100 ಎಂಬಿಪಿಎಸ್ ಪ್ಲಾನ್. ಅಲ್ಲಿಂದ ಹಿತ್ತಲ ಕಡೆಯ ಓದುವ ಕೋಣೆಗೆ ಮೂರು ಗೋಡೆ ದಾಟಬೇಕು. ಅದರಲ್ಲಿ ಎರಡು ಕಲ್ಲಿನವು, ಒಂದೊಂದೂ ಒಂದೂವರೆ ಅಡಿ ದಪ್ಪ. ಕೋಣೆಯಲ್ಲಿ ನೆಟ್ ಸಿಗೋದಿಲ್ಲ ಅಂತ ಮನೆಯವರು ಅಂಗಡಿಗೆ ಹೋದರು. "ಸರ, ಇದನ್ನ ಪ್ಲಗ್ಗಿಗೆ ಹಚ್ಚರಿ ಅಷ್ಟ, ಮನಿ ತುಂಬ ಫುಲ್ ಸಿಗ್ನಲ್" ಅಂತ ಅಂಗಡಿಯವರು 1,600 ರೂಪಾಯಿಯ ಎಕ್ಸ್‌ಟೆಂಡರ್ (ವೈಫೈ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ಡಬ್ಬಿ) ಕೊಟ್ಟರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 300 ಎಂಬಿಪಿಎಸ್. ತಂದು ಓದುವ ಟೇಬಲ್ ಪಕ್ಕದ ಪ್ಲಗ್ಗಿಗೇ ಹಚ್ಚಿದರು. ಫೋನಿನಲ್ಲಿ ಕಡ್ಡಿ ಎಲ್ಲಾ ತುಂಬಿದವು. ಸ್ಪೀಡ್ ಮಾತ್ರ 3 ಎಂಬಿಪಿಎಸ್, ಅದೂ ನಿಂತು ನಿಂತು.

ವಾಪಸ್ ಕೊಡಲು ಹೋದರೆ "ಡಬ್ಬಿ ಒಡದೈತಿ, ಆಗಂಗಿಲ್ರಿ. ಡ್ಯುಯಲ್ ಬ್ಯಾಂಡ್ ಒಯ್ರಿ" ಎಂಬ ಉತ್ತರ. 2.4, 5 ಗಿಗಾಹರ್ಟ್ಸ್ ಎರಡೂ ತರಂಗಪಟ್ಟಿ (ಬ್ಯಾಂಡ್) ಇರುವ ಅದಕ್ಕೆ ಇನ್ನೊಂದು 2,900 ಹೋಯಿತು. ಹೊಸದೂ ಅದೇ ಪ್ಲಗ್ಗಿಗೆ ಕೂತಿತು. ಆ ಮನೆಯ ಮಗಳ ಆನ್‌ಲೈನ್ ಸಂದರ್ಶನ ನಡುವೆ ಮೂರು ಸಲ ಕಡಿದು, ಕೊನೆಗೆ ಆಕೆ ಅಂಗಳಕ್ಕೆ ಬಂದು ಮೊಬೈಲ್ ಡೇಟಾದಲ್ಲಿ ಮುಗಿಸಬೇಕಾಯಿತು.

ಎರಡೂ ಡಬ್ಬಿ ಕೆಟ್ಟಿರಲಿಲ್ಲ. ಅವುಗಳಿಗೆ ಕೇಳಿಸದ ಜಾಗದಲ್ಲಿ ಅವನ್ನು ಇಟ್ಟಿದ್ದರು. ಎಕ್ಸ್‌ಟೆಂಡರ್ ತನಗೆ ಎಷ್ಟು ಬರುತ್ತದೋ ಅಷ್ಟನ್ನೇ ಮುಂದೆ ದಾಟಿಸುತ್ತದೆ. ಆ ಪ್ಲಗ್ಗಿನ ಹತ್ತಿರ ಮೋಡೆಮ್‌ನ ಸಿಗ್ನಲ್ ಅಳೆದರೆ ಮೈನಸ್ 84 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು). ಅಲ್ಲಿ ಯಾವ ಕಂಪನಿಯ ಯಾವ ಬೆಲೆಯ ಡಬ್ಬಿ ಇಟ್ಟರೂ ಬರೋದು ಅಷ್ಟೇ. ಫೋನಿನಲ್ಲಿ ಕಾಣುವ ಕಡ್ಡಿಗಳು ಫೋನಿಗೂ ಎಕ್ಸ್‌ಟೆಂಡರ್‌ಗೂ ನಡುವಿನ ನಾಲ್ಕು ಅಡಿ ಲೆಕ್ಕ. ಎಕ್ಸ್‌ಟೆಂಡರ್‌ಗೂ ಮೋಡೆಮ್‌ಗೂ ನಡುವೆ ಏನಾಗುತ್ತಿದೆ ಅಂತ ಆ ಕಡ್ಡಿ ಹೇಳುವುದೇ ಇಲ್ಲ. ಜನ ಮೋಸ ಹೋಗುವುದು ಇಲ್ಲಿಯೇ.

ಇನ್ನು ಆ 300ರ ಸಂಗತಿ. ಅದು 40 ಮೆಗಾಹರ್ಟ್ಸ್ ಅಗಲದ ಚಾನೆಲ್ (ವೈಫೈ ಓಡುವ ತರಂಗದ ದಾರಿ) ಸಿಕ್ಕರೆ ಬರುವ ಕಾಗದದ ಅಂಕಿ. ಅಕ್ಕಪಕ್ಕದ ಮನೆಗಳ ಹತ್ತಾರು ವೈಫೈ ಕಾಣುವ ಓಣಿಯಲ್ಲಿ ಚಾನೆಲ್ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆಗ ಕಾಗದದ ಅಂಕಿಯೇ 144. ನಿಜವಾಗಿ ಕೈಗೆ ಸಿಗೋದು ಅದರ ಅರ್ಧದ ಆಸುಪಾಸು. ಒಂದೇ ಬ್ಯಾಂಡಿನ ಎಕ್ಸ್‌ಟೆಂಡರ್ ಮೋಡೆಮ್‌ನಿಂದ ಕೇಳಿಸಿಕೊಳ್ಳುವುದೂ ಫೋನಿಗೆ ಹೇಳುವುದೂ ಒಂದೇ ಚಾನೆಲ್‌ನಲ್ಲಿ, ಒಂದಾದ ಮೇಲೆ ಒಂದು. ಆದ್ದರಿಂದ ಇನ್ನೂ ಅರ್ಧ ಕಳೆಯಿರಿ. ಎಲ್ಲಾ ಸರಿ ಇದ್ದಾಗಲೂ 30-40 ಬಂದರೆ ಅದು ಒಳ್ಳೆಯ ಫಲಿತಾಂಶವೇ. ಡ್ಯುಯಲ್ ಬ್ಯಾಂಡಿನ ಮೇಲೆ ಬರೆದ 1200 ಅಂದರೆ 300 ಮತ್ತು 867 ಕೂಡಿಸಿ ಉಬ್ಬಿಸಿದ್ದು. ಅದರಿಂದ ಲಾಭ ಇದೆ, ಮೋಡೆಮ್ ಕಡೆ 5 ಗಿಗಾಹರ್ಟ್ಸ್, ಫೋನ್ ಕಡೆ 2.4 ಅಂತ ಕೆಲಸ ಹಂಚಿಕೊಂಡರೆ ಅರ್ಧ ಕಳೆಯುವ ಪೆಟ್ಟು ತಪ್ಪುತ್ತದೆ. ಆದರೆ 5 ಗಿಗಾಹರ್ಟ್ಸ್ ದಪ್ಪ ಗೋಡೆಯ ಮುಂದೆ 2.4ಕ್ಕಿಂತ ಬೇಗ ಸೋಲುತ್ತದೆ. ಮಾಳಮಡ್ಡಿಯ ಆ ಕೋಣೆಗೆ ಅದು ಮುಟ್ಟಲೇ ಇಲ್ಲ.

ಗೋಡೆ ಒಂದೇ ಅಲ್ಲ, ನೀರೂ ತಡೆಯುತ್ತದೆ. ಬಿಟ್ಟು ಬಿಟ್ಟು ನಳ ಬರುವ ಓಣಿಗಳಲ್ಲಿ ಅಡುಗೆಮನೆ ಪಕ್ಕ ಡ್ರಮ್ಮು, ಟಾಕಿ ಸಾಲಾಗಿ ಇರುತ್ತವಲ್ಲ, ಅವು ತುಂಬಿದ ದಿನ ಒಂದು ಸಿಗ್ನಲ್, ಖಾಲಿಯಾದ ದಿನ ಇನ್ನೊಂದು. ಕಬ್ಬಿಣದ ತಿಜೋರಿ, ಫ್ರಿಜ್ಜು, ತಗಡಿನ ಮಾಡು ಇವೂ ಅಡ್ಡವೇ. ಹಂಚಿನ ಮಾಡು ಅಷ್ಟು ಕಾಟ ಕೊಡುವುದಿಲ್ಲ, ಆರ್‌ಸಿಸಿ ಸ್ಲ್ಯಾಬು ಕೊಡುತ್ತದೆ.

ಹಾಗಾಗಿ ದುಡ್ಡು ಕೊಡುವ ಮುಂಚೆ ಅಳೆಯಿರಿ. ಆಂಡ್ರಾಯ್ಡ್ ಫೋನಿಗೆ ಒಂದು ವೈಫೈ ಅನಲೈಜರ್ ಆ್ಯಪ್ ಹಾಕಿಕೊಂಡು, ನಿತ್ಯ ಮುಚ್ಚಿರುವ ಬಾಗಿಲುಗಳನ್ನು ಮುಚ್ಚಿ, ಮೋಡೆಮ್‌ನಿಂದ ಹಿಂದಿನ ಕೋಣೆಯ ಕಡೆ ನಡೆಯಿರಿ. ಪ್ರತಿ ಪ್ಲಗ್ಗಿನ ಹತ್ತಿರ ಅರ್ಧ ನಿಮಿಷ ನಿಲ್ಲಬೇಕು, ಯಾಕೆಂದರೆ ಆಂಡ್ರಾಯ್ಡ್ 9ರಿಂದ ಈಚೆಗೆ ಆ್ಯಪ್‌ಗಳಿಗೆ ಎರಡು ನಿಮಿಷಕ್ಕೆ ನಾಲ್ಕೇ ಸಲ ಸ್ಕ್ಯಾನ್ ಮಾಡಲು ಬಿಡುತ್ತದೆ; ಅವಸರ ಮಾಡಿದರೆ ಹಿಂದಿನ ಜಾಗದ ಅಂಕಿಯನ್ನೇ ಓದುತ್ತೀರಿ. ಮೈನಸ್ 60ರಿಂದ 67ರ ಒಳಗೆ ಇರುವ, ಹಿಂದಿನ ಕೋಣೆಗೆ ಆದಷ್ಟು ಹತ್ತಿರದ ಜಾಗ ಎಕ್ಸ್‌ಟೆಂಡರ್‌ಗೆ ಸರಿ. ಮೈನಸ್ 70 ದಾಟಿದರೆ ಬೇಡ. ಬಾಗಿಲಿನ ನೇರಕ್ಕೆ, ಎದೆಮಟ್ಟದ ಪ್ಲಗ್ಗು ಸಿಕ್ಕರೆ ಉತ್ತಮ. ಟೇಬಲ್ ಕೆಳಗಿನದು, ಟಿವಿ ಹಿಂದಿನದು ಬೇಡ. ಹಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ಸ್ಪೀಡ್ ಟೆಸ್ಟ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ, ಮೋಡೆಮ್‌ನ ವಿಳಾಸಕ್ಕೆ (ಬಹಳ ಕಡೆ 192.168.1.1) ಎರಡು ನಿಮಿಷ ಪಿಂಗ್ ಬಿಡಿ (ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ನೋಡುವ ಪರೀಕ್ಷೆ). 5, 8, 6 ಅಂತ ಬರುತ್ತಿದ್ದರೆ ಸರಿ. 7, 240, 12, ಟೈಮ್‌ಔಟ್, 310 ಅಂತ ಕುಣಿಯುತ್ತಿದ್ದರೆ ಸ್ಪೀಡ್ ಎಷ್ಟೇ ತೋರಿಸಲಿ, ವಿಡಿಯೋ ಕಾಲ್ ಕಡಿಯುವುದು ಖಾತ್ರಿ.

ಮೋಡೆಮ್‌ನ 2.4 ಗಿಗಾಹರ್ಟ್ಸ್ ಚಾನೆಲ್ ಆಟೋ (ತಾನೇ ಬದಲಿಸುವಂತೆ) ಇದ್ದರೆ ತೆಗೆದು 1, 6, 11ರಲ್ಲಿ ಯಾವುದು ಖಾಲಿಯೋ ಅದಕ್ಕೆ ಕಟ್ಟಿಹಾಕಿ, ಅಗಲ 20 ಮೆಗಾಹರ್ಟ್ಸ್ ಇಡಿ. ಆಟೋ ಇದ್ದಾಗ ಮೋಡೆಮ್ ಚಾನೆಲ್ ಬದಲಿಸಿದೊಡನೆ ಅಗ್ಗದ ಎಕ್ಸ್‌ಟೆಂಡರ್ ದಿಕ್ಕು ತಪ್ಪುತ್ತದೆ. ಎಕ್ಸ್‌ಟೆಂಡರ್‌ಗೆ ಮೊದಲ ವಾರ ಬೇರೆ ಹೆಸರು ಕೊಡಿ. ಒಂದೇ ಹೆಸರಿಟ್ಟರೆ ಫೋನ್ ಯಾವುದಕ್ಕೆ ಅಂಟಿದೆ ಅಂತ ಗೊತ್ತಾಗುವುದಿಲ್ಲ, ಪಡಸಾಲೆಗೆ ಬಂದರೂ ಹಿಂದಿನದನ್ನೇ ಹಿಡಿದು ಕೂತಿರುತ್ತದೆ.

ನಮ್ಮ ಕಡೆ ಇನ್ನೊಂದು ಕಾಟ ಕರೆಂಟಿನದು. ಕೆಲವು ಮನೆಗಳಲ್ಲಿ ಮೋಡೆಮ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಇರುತ್ತದೆ, ಗೋಡೆಯ ಪ್ಲಗ್ಗಿನ ಎಕ್ಸ್‌ಟೆಂಡರ್‌ಗೆ ಇರುವುದಿಲ್ಲ. ಹೆಸ್ಕಾಂ ಕರೆಂಟ್ ಹೋದಾಗ ಮುಂದೆ ನೆಟ್ ಇರುತ್ತದೆ, ಹಿಂದೆ ಸತ್ತಿರುತ್ತದೆ. ಮೋಡೆಮ್‌ಗೆ ಯುಪಿಎಸ್ ಇಲ್ಲದ ಮನೆಯಲ್ಲಿ ಬೇರೆ ತೊಂದರೆ: ಕರೆಂಟ್ ಬಂದಾಗ ಎಕ್ಸ್‌ಟೆಂಡರ್ ಮೊದಲು ಎದ್ದು ಹುಡುಕುತ್ತದೆ, ಮೋಡೆಮ್ ಏಳಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಕೆಲವು ಡಬ್ಬಿಗಳು ಹುಡುಕುವುದನ್ನೇ ಬಿಡುತ್ತವೆ. ಪ್ರತಿ ಸಲ ಯಾರಾದರೂ ಕಿತ್ತು ಹಚ್ಚಬೇಕು. ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿದರೆ ಈ ರಗಳೆ ಇಲ್ಲ.

ಕಲ್ಲಿನ ಗೋಡೆ, ಮಣ್ಣಿನ ದಪ್ಪ ಗೋಡೆಯ ಮನೆಗೆ ನಮ್ಮ ಸಲಹೆ ವೈರ್. ಮಾಳಮಡ್ಡಿಯ ಮನೆ ಸರಿಯಾದದ್ದೂ ಹಾಗೆಯೇ. 2,900ರ ಡಬ್ಬಿಗೆ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಕಿಂಡಿ) ಇತ್ತು, ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಕೇಬಲ್‌ನಿಂದ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವುದು) ಇತ್ತು. ಪಡಸಾಲೆಯಿಂದ 18 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು ಅದಕ್ಕೆ ಹಚ್ಚಿ ಮೋಡ್ ಬದಲಿಸಿದರೆ ಅದೇ ಟೇಬಲ್ ಮೇಲೆ 90 ದಾಟಿತು. ಆ ಪೋರ್ಟ್ 100ರದ್ದೇ ಆದ್ದರಿಂದ ಅದಕ್ಕಿಂತ ಮೇಲೆ ಹೋಗುವುದೂ ಇಲ್ಲ, ಆ ಪ್ಲಾನಿಗೆ ಬೇಕಾಗಿಯೂ ಇಲ್ಲ.

ಹಳೇ ರೂಟರ್ ಅಟ್ಟದ ಮೇಲೆ ಬಿದ್ದಿದ್ದರೆ ಡಬ್ಬಿಯೂ ಬೇಡ. ಮೊದಲು ಅದನ್ನು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ (ಮೋಡೆಮ್‌ನ ವಿಳಾಸ 192.168.1.1 ಆಗಿದ್ದರೆ) ಲ್ಯಾನ್ ವಿಳಾಸ 192.168.1.2 ಮಾಡಿ, ಹೊಸ ವಿಳಾಸದಿಂದ ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ವೈಫೈ ಹೆಸರು, ಪಾಸ್‌ವರ್ಡ್ ಹಾಕಿ, ಮೋಡೆಮ್ ಚಾನೆಲ್ 1ರಲ್ಲಿದ್ದರೆ ಇದನ್ನು 11ಕ್ಕೆ ಇಡಿ. ಆಮೇಲೆ ಮೋಡೆಮ್‌ನಿಂದ ಬಂದ ಕೇಬಲನ್ನು ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟಿಗೆ ಚುಚ್ಚಿ. ಡಿಎಚ್‌ಸಿಪಿ ಬಂದ್ ಮಾಡಲು ಮರೆತರೆ ಮನೆಯಲ್ಲಿ ಇಬ್ಬರು ವಿಳಾಸ ಹಂಚಲು ಶುರು ಮಾಡುತ್ತಾರೆ; ಕೆಲವು ಫೋನು ನಡೆಯುತ್ತವೆ, ಕೆಲವು "ಕನೆಕ್ಟೆಡ್, ಇಂಟರ್ನೆಟ್ ಇಲ್ಲ" ಅನ್ನುತ್ತವೆ, ಎಲ್ಲರೂ ಕಂಪನಿಗೆ ಬೈಯುತ್ತಾರೆ.

ಕೇಬಲ್ ಕೊಳ್ಳುವಾಗ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪು ಇದ್ದರೆ ತಾಮ್ರ, ಬೆಳ್ಳಗೆ ಕಂಡರೆ ತಾಮ್ರದ ಲೇಪದ ಅಲ್ಯೂಮಿನಿಯಂ. ಅದು ಬಗ್ಗಿಸಿದಲ್ಲಿ ಮುರಿಯುತ್ತದೆ. ಗೋಡೆಗೆ 8 ಎಂಎಂ ಉದ್ದನೆಯ ಬಿಟ್ ಸಾಕು, ತೂತು ಹೊರಗಡೆಗೆ ಸ್ವಲ್ಪ ಇಳಿಜಾರಿರಲಿ, ಮಳೆ ನೀರು ಒಳಗೆ ಬರಬಾರದು. ಕೇಬಲ್ ದಾಟಿಸಿದ ಮೇಲೆಯೇ ಕನೆಕ್ಟರ್ ಒತ್ತಿಸಿ. ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ತಂತಿ ಬೇಕು, ಒಂದು ಸರಿಯಾಗಿ ಕೂರದಿದ್ದರೂ ಸಾಮಾನ್ಯವಾಗಿ 100ಕ್ಕೆ ಇಳಿಯುತ್ತದೆ. ಕರೆಂಟ್ ವೈರಿನ ಪೈಪಿನಲ್ಲಿ ತೂರಿಸಬೇಡಿ. ಮಾಳಿಗೆಯ ಮೇಲಿಂದ ಪಕ್ಕದ ಕಟ್ಟಡಕ್ಕೆ ಗಾಳಿಯಲ್ಲಿ ಎಳೆಯುವುದಂತೂ ಬೇಡವೇ ಬೇಡ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹತ್ತಿರ ಬಿದ್ದರೂ ಎರಡೂ ಕಡೆಯ ಪೋರ್ಟ್ ಸುಡಬಹುದು.

ಹೆಸರಿಲ್ಲದ ಅಗ್ಗದ ಡಬ್ಬಿಗಳ ಬಗ್ಗೆ ಒಂದು ಮಾತು. ಸೆಕ್ಯುರಿಟಿಯಲ್ಲಿ ಟಿಕೆಐಪಿ ಎಂಬ ಹಳೇ ಗೂಢಲಿಪಿ ಮಾತ್ರ ಇದ್ದರೆ ಲಿಂಕ್ 54 ಎಂಬಿಪಿಎಸ್‌ಗೆ ಸೀಮಿತ, 300 ಅಂತ ಬರೆದಿದ್ದರೂ. ಅದರ ನಂತರದ ಡಬ್ಲ್ಯುಪಿಎ2-ಎಇಎಸ್ ಇರಲೇಬೇಕು. ಡಬ್ಲ್ಯುಪಿಎಸ್ ಪಿನ್ (ಪಾಸ್‌ವರ್ಡ್ ಬದಲು ಎಂಟಂಕಿ ಹಾಕಿ ಜೋಡಿಸುವ ಸೌಲಭ್ಯ) ಬಂದ್ ಮಾಡಿ, ಅದರ ದೋಷ 2011ರಲ್ಲೇ ಬಯಲಾಗಿದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಹೊಲದ ಶೆಡ್ಡಿಗೆ, ಕ್ಯಾಂಪಿಂಗಿಗೆ ಅಂತ ಕೇಳುವವರಿಗೆ: ಎಕ್ಸ್‌ಟೆಂಡರ್ ಮೊಬೈಲ್ ಟವರಿನ ಸಿಗ್ನಲ್ ಹೆಚ್ಚಿಸುವುದಿಲ್ಲ. ಹೆಚ್ಚಿಸುತ್ತೇವೆ ಅಂತ ಮಾರುವ ಮೊಬೈಲ್ ಬೂಸ್ಟರ್ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಟೆಂಟಿಗೆ ಸಿಮ್ ಹಾಕುವ 4ಜಿ ರೂಟರ್ ಸಾಕು. ಹಾವೇರಿ, ರಾಣೆಬೆನ್ನೂರು ಕಡೆ ತೋಟದ ಮನೆಯಿಂದ 200 ಮೀಟರ್ ದೂರದ ಮೋಟಾರ್ ಶೆಡ್ಡಿನ ಕ್ಯಾಮೆರಾಕ್ಕೆ 5 ಗಿಗಾಹರ್ಟ್ಸ್‌ನ ಎರಡು ಹೊರಾಂಗಣ ಸಿಪಿಇ (ಒಂದೇ ದಿಕ್ಕಿಗೆ ವೈಫೈ ಕಳಿಸುವ ಡಬ್ಬಿ) ಎದುರುಬದುರು ಹಾಕಬೇಕು. ಜೂನ್‌ನಲ್ಲಿ ಹಾಕಿದ ಲಿಂಕ್ ಆಗಸ್ಟ್ ಕೊನೆಗೆ ಕೈಕೊಟ್ಟರೆ ಸಿಪಿಇಯನ್ನು ಬೈಯುವ ಮುಂಚೆ ನಡುವಿನ ಗೋವಿನಜೋಳ ನೋಡಿ. ಆ ದೂರಕ್ಕೆ ನಡುಮಧ್ಯದಲ್ಲಿ, ಎರಡು ಸಿಪಿಇ ಕೂಡಿಸುವ ನೇರ ಗೆರೆಯ ಕೆಳಗೆ ಸುಮಾರು 1.6 ಮೀಟರ್ ಖಾಲಿ ಇರಬೇಕು. ಬೆಳೆ ಎರಡೂವರೆ ಮೀಟರ್ ಏಳುತ್ತದೆ, ಎಲೆ ತೊಯ್ದಿರುತ್ತದೆ. ಕಂಬ ಎರಡೂ ಕಡೆ 15 ಅಡಿಗೆ ಕಡಿಮೆ ಬೇಡ. ಡಬ್ಬಿಯ ಜೊತೆ ಬಂದ ಪಿಒಇ (ನೆಟ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ) ಅಡಾಪ್ಟರನ್ನೇ ಹಚ್ಚಿ. 24 ವೋಲ್ಟಿನದಕ್ಕೆ ಸಿಕ್ಕ 48ರ ಪ್ಯಾಸಿವ್ (ಎದುರಿನ ಡಬ್ಬಿಗೆ ಎಷ್ಟು ಬೇಕೆಂದು ನೋಡದೆ ಕರೆಂಟ್ ಬಿಡುವ) ಅಡಾಪ್ಟರ್ ಹಚ್ಚಿದರೆ ಸಿಪಿಇ ಅಲ್ಲಿಗೇ ಮುಗಿಯುತ್ತದೆ, ಅದಕ್ಕೆ ವಾರಂಟಿಯೂ ಸಿಗುವುದಿಲ್ಲ.