ಮಂಗಳೂರಿನ ಒಂದು ಮಕ್ಕಳ ವಾರ್ಡು ಮತ್ತು ಅಲ್ಲಿನ ಮುನ್ನೆಚ್ಚರಿಕೆಯ ಚಾರ್ಟು

ಮಳೆಗಾಲದಲ್ಲಿ ಡೆಂಗಿ ಬಂದ ಮಗಳನ್ನು ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಸೇರಿಸಿದ್ದೆವು. ಕೋಣೆ, ಊಟ, ಪಾರ್ಕಿಂಗ್ ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ಅಲ್ಲಿ ಪ್ರತಿ ಮಗುವಿಗೂ ಇಡುವ ಒಂದು ಚಾರ್ಟಿನ ಬಗ್ಗೆ.

ಉಸಿರಿನ ವೇಗ, ಉಸಿರೆಳೆಯಲು ಪಡುವ ಶ್ರಮ, ನಾಡಿ, ಚರ್ಮದ ಬಣ್ಣ, ಮಗು ಎಷ್ಟು ಚುರುಕಾಗಿದೆ ಎಂಬುದು, ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸುತ್ತಾರೆ. ಶಾಲೆಯಂತಲ್ಲ, ಇಲ್ಲಿ ಅಂಕ ಏರಿದಷ್ಟೂ ಚಿಂತೆ. ಮಿತಿ ದಾಟಿದರೆ ಸಿಸ್ಟರ್ ಡ್ಯೂಟಿ ಡಾಕ್ಟರನ್ನು ಕರೆಯಲೇಬೇಕು. ಇಂಥ ಪದ್ಧತಿಯೊಂದನ್ನು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ರೂಪಿಸಿ ಅಲನ್ ಮೊನಾಹನ್ 2005ರಲ್ಲಿ ಪ್ರಕಟಿಸಿದರು. ದೊಡ್ಡವರ ಚಾರ್ಟು ಮಕ್ಕಳಿಗೆ ಹೊಂದುವುದಿಲ್ಲ: ಎಳೆಗೂಸಿಗೆ ನಿಮಿಷಕ್ಕೆ 40 ಉಸಿರು ಸಹಜ, ಹತ್ತು ವರ್ಷದ ಮಗುವಿಗೆ ಅಲ್ಲ, ಮೇಲಾಗಿ ಮಕ್ಕಳ ರಕ್ತದೊತ್ತಡ ಬಹಳ ಹೊತ್ತು ಸರಿಯಾಗಿಯೇ ಇದ್ದು ಕೊನೆಗೆ ಒಮ್ಮೆಲೇ ಕುಸಿಯುವುದರಿಂದ, ಅದೊಂದನ್ನೇ ನಂಬಿ ಕುಳಿತರೆ ತಡವಾಗಿಬಿಡುತ್ತದೆ.

ಜ್ವರ ಬಿಟ್ಟ ದಿನ ನಾವು ಊರಿಗೆ ಫೋನು ಮಾಡಿ ಸಮಾಧಾನ ಹೇಳುತ್ತಿದ್ದರೆ, ಸಿಸ್ಟರ್ ಮಾತ್ರ ಗಂಟೆಗೊಮ್ಮೆ ಬರತೊಡಗಿದರು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಿ ಮಗುವಿನ ಸ್ಥಿತಿ ಬಿಗಡಾಯಿಸಬಹುದು. ಅವರು ಬೆರಳ ತುದಿಯನ್ನು ಒತ್ತಿ ಹಿಡಿದು ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ಮರಳುವವರೆಗೆ ತುಟಿಯಲ್ಲೇ ಎಣಿಸುತ್ತಿದ್ದರು. ಎರಡು ಸೆಕೆಂಡಿನೊಳಗೆ ಮರಳಬೇಕು. ಸಂಜೆ ಜ್ವರವಿಲ್ಲದಿದ್ದರೂ ನಾಡಿ ಏರಿ, ಅಂಕ ಹಳದಿ ಪಟ್ಟಿಗೆ ಬಂತು. ಡಾಕ್ಟರ್ ಕೂಡಲೇ ಬಂದು ನೋಡಿ, ರಕ್ತ ಪರೀಕ್ಷೆಗೆ ಕಳುಹಿಸಿ, ಡ್ರಿಪ್ಪಿನ ವೇಗ ಬದಲಿಸಿದರು. ಈ ಒಂದು ಸಂಜೆಗಾಗಿ ಬಿಲ್ಲಿನ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ರಾತ್ರಿ ಪಾಳಿಯ ಬಗ್ಗೆ. ಮಕ್ಕಳ ಸಂಖ್ಯೆ ಹಗಲಿನಷ್ಟೇ, ಸಿಸ್ಟರ್‌ಗಳು ಅರ್ಧದಷ್ಟು; ನಡುರಾತ್ರಿಯ ಅಂಕಗಳನ್ನು ಬೆಳಗಿನ ಜಾವ ಒಟ್ಟಿಗೆ ಬರೆಯುವುದನ್ನು ಕಣ್ಣಾರೆ ಕಂಡೆ. ಹಾಗೆ ತುಂಬಿದ ಚಾರ್ಟು ಯಾರನ್ನೂ ಎಚ್ಚರಿಸಲಾರದು. ಕೆನಡಾದಲ್ಲಿ ರೂಪುಗೊಂಡ ಇಂಥದೇ ಚಾರ್ಟನ್ನು 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವುಗಳು ಕಡಿಮೆಯಾದದ್ದು ಕಂಡುಬರಲಿಲ್ಲ; ಸ್ಥಿತಿ ಕೈಮೀರಿದ ಮೇಲೆ ತಡವಾಗಿ ಐಸಿಯು ಸೇರುವ ಪ್ರಸಂಗಗಳು ಮಾತ್ರ ಇಳಿದಿದ್ದವು. ಕಾಗದ ತಾನಾಗಿ ಡಾಕ್ಟರನ್ನು ಕರೆಯುವುದಿಲ್ಲವಷ್ಟೆ.

ಇನ್ನೊಂದು ಕೊರತೆ, ತಾಯಿ ತಂದೆಯ ಆತಂಕವನ್ನು ದಾಖಲಿಸಲು ಅದರಲ್ಲಿ ಜಾಗವೇ ಇಲ್ಲ. ಇಂಗ್ಲೆಂಡ್ 2023ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಚಾರ್ಟಿನಲ್ಲಿ ಅದಕ್ಕೆ ಅವಕಾಶವಿದೆ. "ಇವಳು ಎಂದಿನಂತಿಲ್ಲ, ಸಿಸ್ಟರ್" ಎಂದು ನನ್ನ ಹೆಂಡತಿ ಹೇಳಿದಾಗ ಅವರು ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ.

ಅಲ್ಲಿಗೆ ಮಗುವನ್ನು ಸೇರಿಸುವವರು ಹವಾನಿಯಂತ್ರಿತ ವಿಶೇಷ ಕೋಣೆಗಿಂತ ಸಿಸ್ಟರ್‌ಗಳ ಮೇಜಿಗೆ ಎದುರಾಗಿರುವ ಹಾಸಿಗೆಯನ್ನು ಕೇಳಿ ಪಡೆಯುವುದು ಒಳ್ಳೆಯದು, ಬಾಡಿಗೆಯೂ ಕಡಿಮೆ.